ಊಟಿಯ ಇ-ಪಾಸ್ ಮತ್ತು ಸಾವಿರ ರೂಪಾಯಿಯ ರೂಮು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನೀಲಗಿರಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೆಲ್ಲ ಒಂದೇ ಬಗೆಯ ಫೋನು ಬರತೊಡಗುತ್ತದೆ. ಚಾಮರಾಜನಗರದ ಚಿಕ್ಕಪ್ಪ, ತಾಳವಾಡಿಯ ಭಾವ, ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗ. ಮೊದಲ ಪ್ರಶ್ನೆ, "ಊಟಿಗೆ ಪಾಸ್ ಬೇಕಂತಲ್ಲ, ಸಿಗುತ್ತಾ?" ಎರಡನೆಯದು, "ಸಾವಿರದೊಳಗೆ ಒಂದು ರೂಮು ನೋಡಿಡ್ತೀರಾ?" ಪಾಸಿನದು ಕೋರ್ಟಿನ ವಿಷಯ, ರೂಮಿನದು ಜೇಬಿನ ವಿಷಯ ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಎರಡರ ಹಿಂದೆಯೂ ಇರುವುದು ಒಂದೇ ತಕರಾರು: ಬೆಟ್ಟಕ್ಕೆ ಯಾರು ಬರಬೇಕು, ಬಂದವರು ಎಷ್ಟು ಹೊತ್ತು ಇರಬೇಕು, ಅದಕ್ಕೆ ಎಷ್ಟು ತೆರಬೇಕು. ಎರಡು ವರ್ಷಗಳಿಂದ ಊಟಿಯಲ್ಲಿ ನಡೆಯುತ್ತಿರುವ ಜಗಳದಲ್ಲಿ ವ್ಯಾಪಾರಿಗಳ ಮಾತು ಕೇಳಿದ್ದೇವೆ, ಪರಿಸರದವರ ಮಾತು ಕೇಳಿದ್ದೇವೆ, ನ್ಯಾಯಾಲಯದ ಮಾತಂತೂ ಆದೇಶವಾಗಿಯೇ ಬಂದಿದೆ. ಬಸ್ಸಿನಲ್ಲಿ ಬಂದು ಸಣ್ಣ ಲಾಡ್ಜಿನಲ್ಲಿ ಎರಡು ರಾತ್ರಿ ಕಳೆದು ಹೋಗುವ ಸಾಧಾರಣ ಪ್ರವಾಸಿಯ ಪರವಾಗಿ ಮಾತಾಡಿದವರು ಕಡಿಮೆ. ಗಡಿಯಾಚೆ ಈಚೆ ಬಂಧುಬಳಗವಿರುವ ನಾವಾದರೂ ಆ ಮಾತು ಆಡಬೇಕು.

ನಡೆದದ್ದನ್ನು ಮೊದಲು ನೆನಪಿಸಿಕೊಳ್ಳೋಣ. 2024ರ ಏಪ್ರಿಲ್ ಕೊನೆಯಲ್ಲಿ ಮದ್ರಾಸ್ ಹೈಕೋರ್ಟು ನೀಲಗಿರಿಗೂ ಕೊಡೈಕೆನಾಲ್‌ಗೂ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಿತು. ಮೇ 7ರಿಂದ ಅದು ಜಾರಿಗೆ ಬಂತು. ಮೊದಲು ಜೂನ್ ತಿಂಗಳ ಕೊನೆಯವರೆಗೆ ಎಂದಿದ್ದದ್ದು ಆಮೇಲೆ ಮುಂದುವರಿಯಿತು. ಆ ಹೊತ್ತಿಗೆ ನ್ಯಾಯಾಲಯದ ಮುಂದಿದ್ದ ಲೆಕ್ಕದ ಪ್ರಕಾರ ಸೀಸನ್ ದಿನಗಳಲ್ಲಿ ನೀಲಗಿರಿಗೆ ದಿನವೊಂದಕ್ಕೆ ಸುಮಾರು 20,000 ವಾಹನಗಳು ಏರುತ್ತಿದ್ದವು. ಮೊದಲ ವರ್ಷ ಪಾಸ್ ಎಂದರೆ ಬರಿಯ ನೋಂದಣಿ, ಅರ್ಜಿ ಹಾಕಿದವರಿಗೆಲ್ಲ ಸಿಗುತ್ತಿತ್ತು. 2025ರ ಮಾರ್ಚಿನಲ್ಲಿ ಅದಕ್ಕೆ ಹಲ್ಲು ಬಂತು. ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಮಾತ್ರ. ಕೊಡೈಕೆನಾಲ್‌ಗೆ 4,000 ಮತ್ತು 6,000. ಇದನ್ನು ವಿರೋಧಿಸಿ ಏಪ್ರಿಲ್ 2ರಂದು ಜಿಲ್ಲೆಯ ವ್ಯಾಪಾರಿಗಳು ಅಂಗಡಿ, ಹೋಟೆಲು ಮುಚ್ಚಿ ಬಂದ್ ಮಾಡಿದರು. ಅದೇ ವರ್ಷ ನವೆಂಬರ್ 1ರಿಂದ ವಾಲ್ಪಾರೈಗೂ ಪಾಸ್ ಬಂತು. ಅಂದರೆ ಇದು ಒಂದು ಸೀಸನ್ನಿನ ಮಾತಾಗಿ ಉಳಿದಿಲ್ಲ. ಪಶ್ಚಿಮ ಘಟ್ಟದ ಊರುಗಳಿಗೆ ಬಾಗಿಲು ಹಾಕುವ, ಬಾಗಿಲಲ್ಲಿ ನಿಂತು ಎಣಿಸುವ ಪದ್ಧತಿ ಶುರುವಾಗಿದೆ.

ಎಣಿಸುವುದನ್ನು ನಾವು ವಿರೋಧಿಸುವುದಿಲ್ಲ. ಮೇ ತಿಂಗಳ ಭಾನುವಾರ ಚಾರಿಂಗ್ ಕ್ರಾಸಿನಲ್ಲಿ ಸಿಕ್ಕಿಹಾಕಿಕೊಂಡ ಆಂಬ್ಯುಲೆನ್ಸನ್ನು ನೋಡಿದವರು, ಪುಷ್ಪ ಪ್ರದರ್ಶನದ ವಾರದಲ್ಲಿ ಕೂನೂರಿನಿಂದ ಊಟಿಗೆ ಬರಲು ಅರ್ಧ ದಿನ ಕಳೆದುಕೊಂಡವರು ಯಾರೂ ವಿರೋಧಿಸಲಾರರು. ಪಾಸನ್ನು ಪೂರ್ತಿ ಕಿತ್ತುಹಾಕಿ ಎನ್ನುವ ವ್ಯಾಪಾರಿ ಮಿತ್ರರ ಬೇಡಿಕೆಯನ್ನು ಈ ಕಾರಣಕ್ಕೇ ನಾವು ಒಪ್ಪುವುದಿಲ್ಲ. ನಮ್ಮ ತಕರಾರು ಇರುವುದು ಎಣಿಕೆಯ ಅಳತೆಗೋಲಿನ ಬಗ್ಗೆ.

ಪಾಸ್ ಎಣಿಸುವುದು ಗಾಡಿಯನ್ನು. ಕಾರಿನಲ್ಲಿ ಗಂಡಹೆಂಡತಿ ಇಬ್ಬರೇ ಇದ್ದರೂ ಒಂದು, ವ್ಯಾನಿನಲ್ಲಿ ಅಜ್ಜಿಮೊಮ್ಮಕ್ಕಳು ಸೇರಿ ಹನ್ನೆರಡು ಜನ ಇದ್ದರೂ ಒಂದು. ಬೆಳಿಗ್ಗೆ ಹತ್ತಕ್ಕೆ ಬಂದು, ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ದೊಡ್ಡಬೆಟ್ಟ ಮೂರನ್ನೂ ಓಡೋಡಿ ಮುಗಿಸಿ, ಒಂದು ಪೊಟ್ಟಣ ವರ್ಕಿ ಕಟ್ಟಿಸಿಕೊಂಡು ಸಂಜೆ ಇಳಿದುಹೋಗುವ ಗಾಡಿಗೂ ಒಂದೇ ಪಾಸ್. ಒಮ್ಮೆ ಬಂದು ಲಾಡ್ಜಿನ ಮುಂದೆ ಮೂರು ದಿನ ನಿಂತೇ ಇರುವ ಗಾಡಿಗೂ ಒಂದೇ ಪಾಸ್. ರಸ್ತೆಗೆ ಇವೆರಡೂ ಒಂದೇ ಅಲ್ಲ ಎಂಬುದು ಊಟಿಯ ಯಾವ ಆಟೋ ಚಾಲಕನನ್ನು ಕೇಳಿದರೂ ಗೊತ್ತಾಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂದು ಊರಿನ ಎಲ್ಲ ಮೂಲೆಗೂ ಸುತ್ತುವ ಗಾಡಿಯೇ ಜಾಮಿಗೆ ದೊಡ್ಡ ಕಾರಣ.

2024ರ ಆದೇಶದಲ್ಲಿ ನ್ಯಾಯಾಲಯವೇ ಈ ಭೇದವನ್ನು ಗಮನಿಸಿತ್ತು ಎನ್ನುವುದನ್ನು ಹೇಳಬೇಕು. ಯಾವ ಬಗೆಯ ವಾಹನ, ಒಳಗೆ ಎಷ್ಟು ಜನ, ಅದೇ ದಿನ ವಾಪಸ್ಸಾಗುವವರೋ ರಾತ್ರಿ ತಂಗುವವರೋ ಎಂಬ ವಿವರಗಳನ್ನು ಪಾಸ್ ಕೊಡುವಾಗಲೇ ಪಡೆಯಬೇಕೆಂದು ಅದು ಹೇಳಿತ್ತು. ಬೆಟ್ಟ ಎಷ್ಟು ತಾಳಬಲ್ಲದು ಎಂಬ ಅಧ್ಯಯನವನ್ನು ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿಗೆ ವಹಿಸಲಾಯಿತು. ವಿವರ ಕೇಳಿದ್ದು ಸರಿ, ಅಧ್ಯಯನವೂ ಸರಿ. ಆದರೆ 2025ರಲ್ಲಿ ಮಿತಿ ಹಾಕುವಾಗ ಉಳಿದದ್ದು ಗಾಡಿಯ ಸಂಖ್ಯೆ ಮಾತ್ರ. ಇಬ್ಬರ ಕಾರೋ ಹನ್ನೆರಡು ಜನರ ವ್ಯಾನೋ, ಹಗಲಿನವರೋ ರಾತ್ರಿಯವರೋ ಎಂಬ ಪ್ರಶ್ನೆ ಆ 6,000, 8,000ದಲ್ಲಿ ಇಲ್ಲ.

ಇನ್ನೊಂದು ಸಂಗತಿ ನಮ್ಮ ಜನಕ್ಕೆ ಇನ್ನೂ ಸರಿಯಾಗಿ ತಲುಪಿಲ್ಲ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ, ಮೇಟ್ಟುಪಾಳ್ಯದಿಂದ ಪುಟ್ಟ ರೈಲಿನಲ್ಲಿ ಬರುವವರಿಗೆ ಪಾಸ್ ಬೇಕಿಲ್ಲ. ಪಾಸ್ ಸಿಗಲಿಲ್ಲವೆಂದು ಪ್ರವಾಸವನ್ನೇ ಬಿಟ್ಟವರಿದ್ದಾರೆ. ಅವರಲ್ಲಿ ಎಷ್ಟೋ ಜನ ಮೈಸೂರಿನಿಂದ ಬಸ್ಸು ಹತ್ತಿದ್ದರೆ ಯಾರೂ ತಡೆಯುತ್ತಿರಲಿಲ್ಲ.

ಈಗ ಆ ಸಾವಿರ ರೂಪಾಯಿಯ ರೂಮಿಗೆ ಬರೋಣ. ಊಟಿಯ ಬಸ್ ನಿಲ್ದಾಣದ ಆಸುಪಾಸು, ಎಟ್ಟಿನ್ಸ್ ರಸ್ತೆ, ಕಮರ್ಷಿಯಲ್ ರಸ್ತೆಯ ಹಿಂದಿನ ಏರು. ಇಲ್ಲೆಲ್ಲ ಹತ್ತು ಹದಿನೈದು ರೂಮಿನ ಲಾಡ್ಜುಗಳಿವೆ. ತಂಗಿದವರಿಗೆ ಅದರ ರೂಪ ಗೊತ್ತು. ಫ್ಯಾನು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಎರಡು ಕಂಬಳಿ, ಮಳೆಗಾಲದಲ್ಲಿ ಸ್ವಲ್ಪ ತೇವದ ವಾಸನೆ. ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು, ಅದೂ ಬಕೆಟ್ಟಿನ ಲೆಕ್ಕ. ಕಿಟಕಿ ತೆರೆದರೆ ಬೆಟ್ಟ ಕಾಣುತ್ತದೆ ಎಂದು ಹೇಳಿರುತ್ತಾರೆ, ಕಾಣುವುದು ಪಕ್ಕದ ತಡೆಗೋಡೆ. ಹನ್ನೆರಡಕ್ಕೆ ಖಾಲಿ ಮಾಡಬೇಕು. ಅದೇ ರೂಮು ಆಗಸ್ಟಿನಲ್ಲಿ ಏಳುನೂರು, ಮೇ ಎರಡನೇ ವಾರ ಎರಡೂವರೆ ಸಾವಿರವೂ ಆಗುತ್ತದೆ. ಬಂದವರು ಇದನ್ನು ಸುಲಿಗೆ ಎನ್ನುತ್ತಾರೆ. ಒಂದಿಷ್ಟು ಸುಲಿಗೆ ಇದೆ, ಮುಚ್ಚಿಡುವುದೇಕೆ? ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು.

ಇಂಥ ಎಷ್ಟೋ ಲಾಡ್ಜುಗಳನ್ನು ನಡೆಸುವವರು ಕಟ್ಟಡದ ಮಾಲೀಕರಲ್ಲ, ವರ್ಷದ ಗುತ್ತಿಗೆಗೆ ಹಿಡಿದವರು. ಗುತ್ತಿಗೆ ಹಣ ಕಟ್ಟುವುದು ಹನ್ನೆರಡು ತಿಂಗಳಿಗೆ, ಅದನ್ನು ದುಡಿಯುವುದು ಏಪ್ರಿಲ್, ಮೇ ಎರಡೇ ತಿಂಗಳಲ್ಲಿ, ಜೊತೆಗೆ ದಸರಾ, ಡಿಸೆಂಬರಿನ ಕೆಲವು ದಿನ. ಮಳೆಗಾಲದಲ್ಲಿ ರೂಮ್‌ಬಾಯ್‌ಗೆ ಸಂಬಳ, ಒಗೆಯುವವರಿಗೆ ಕೂಲಿ, ಕರೆಂಟು ಬಿಲ್ಲು ಎಲ್ಲವೂ ಆ ಎರಡು ತಿಂಗಳ ಗಳಿಕೆಯಿಂದಲೇ ಹೋಗಬೇಕು. ಸೀಸನ್ನಿನ ಆ ತಿಂಗಳುಗಳ ಮೇಲೆಯೇ ಮಿತಿ ಬಂದು ಕೂತಾಗ ಮೊದಲು ನಡುಗಿದ್ದು ಇವರು. ದೊಡ್ಡ ರೆಸಾರ್ಟಿನ ಗಿರಾಕಿ ಎರಡು ತಿಂಗಳು ಮೊದಲೇ ರೂಮು ಬುಕ್ ಮಾಡಿ, ಪಾಸನ್ನೂ ಅಂದೇ ತೆಗೆದಿಟ್ಟಿರುತ್ತಾನೆ. ಸಣ್ಣ ಲಾಡ್ಜಿನ ಗಿರಾಕಿ ಶುಕ್ರವಾರ ಸಂಜೆ ನಿರ್ಧರಿಸಿ ಶನಿವಾರ ಬೆಳಿಗ್ಗೆ ಹೊರಡುವವನು. ಮಿತಿ ತುಂಬಿ ಬಾಗಿಲು ಮುಚ್ಚಿದಾಗ ಹೊರಗುಳಿಯುವವನು ಇವನೇ. ಕಾಗದದ ಮೇಲೆ ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಮಾತ್ರ ಒಂದೇ ಅಲ್ಲ.

ತೆರಿಗೆಯ ಕಥೆಯೂ ಹೀಗೆಯೇ ಸಾಗಿದೆ. ದಿನಕ್ಕೆ ₹1,000ವರೆಗಿನ ಬಾಡಿಗೆಯ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಆ ವಿನಾಯಿತಿ ಹೋಗಿ ಶೇ. 12 ಬಂತು. ₹900 ರೂಮಿಗೆ ₹108 ಹೆಚ್ಚಾಯಿತು. 2025ರ ಸೆಪ್ಟೆಂಬರ್ 22ರಿಂದ ₹7,500ರೊಳಗಿನ ಎಲ್ಲ ರೂಮುಗಳಿಗೂ ಶೇ. 5 ಮಾಡಿದ್ದಾರೆ. ಅದೇ ₹900 ರೂಮಿಗೆ ಈಗ ₹45. ಇಳಿಕೆ ಸ್ವಾಗತಾರ್ಹವೇ. ಆದರೆ ಎರಡು ಮಾತು ಉಳಿಯುತ್ತವೆ. ಮೊದಲನೆಯದು, ₹7,400ರ ರೂಮಿಗೂ ₹700ರ ರೂಮಿಗೂ ದರ ಒಂದೇ. ಒಂದು ಕಾಲದಲ್ಲಿ ಬಡವರ ಕೋಣೆ ಎಂದು ಬೇರೆಯಾಗಿ ಗುರುತಿಸಿದ್ದನ್ನು ಸರ್ಕಾರ ಮರೆತೇಬಿಟ್ಟಿದೆ. ಎರಡನೆಯದು, ಈ ಶೇ. 5ರಲ್ಲಿ ಲಾಡ್ಜಿನವರು ತಾವು ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವಂತಿಲ್ಲ. ಹೊಸ ಗೀಸರ್ ಹಾಕಿಸಿದರೆ, ಹಾಸಿಗೆ ಕೊಂಡರೆ ಅದರ ಜಿಎಸ್‌ಟಿ ಪೂರ್ತಿ ಅವರ ಕೈಯಿಂದಲೇ. ಆದ್ದರಿಂದ ದರ ಇಳಿದಷ್ಟೂ ಬಾಡಿಗೆ ಇಳಿಯಲಿಲ್ಲವೆಂದು ಲಾಡ್ಜಿನವರೊಡನೆ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ವರ್ಷದ ವಹಿವಾಟು ₹20 ಲಕ್ಷದೊಳಗಿರುವ ಲಾಡ್ಜು ಜಿಎಸ್‌ಟಿಗೆ ನೋಂದಾಯಿಸಬೇಕಾಗಿಲ್ಲ, ತೆರಿಗೆ ಹಾಕುವಂತೆಯೂ ಇಲ್ಲ. ಆದರೆ ಅದೇ ಲಾಡ್ಜಿನ ಅದೇ ರೂಮನ್ನು ಮೊಬೈಲಿನ ಆ್ಯಪ್ ಮೂಲಕ ಹಿಡಿದರೆ ಆ ಆ್ಯಪಿನ ಕಂಪನಿ ತೆರಿಗೆ ಸೇರಿಸಿಯೇ ಬಿಲ್ಲು ಕೊಡಬೇಕೆಂಬುದು ಕಾನೂನು. ಮೇಲೆ ಅದರ ಕಮಿಷನ್ ಬೇರೆ. ನೇರವಾಗಿ ಫೋನು ಮಾಡಿ ರೂಮು ಹಿಡಿದರೆ ಇಬ್ಬರಿಗೂ ಉಳಿತಾಯ. ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುವ ಲಾಡ್ಜುಗಳು ಊಟಿಯಲ್ಲಿ ಬೇಕಾದಷ್ಟಿವೆ. ಮೈಸೂರು, ಬೆಂಗಳೂರು, ಚಾಮರಾಜನಗರದ ಗಿರಾಕಿಗಳಿಲ್ಲದೆ ಈ ಊರಿನ ವ್ಯಾಪಾರ ಇಲ್ಲವೆಂದು ಅವರಿಗೂ ಗೊತ್ತು.

ಇದರ ನಡುವೆ ಊಟಿಗೆ ಬರುವವರ ಸ್ವರೂಪವೇ ಬದಲಾಗುತ್ತಿದೆ. ಉದ್ಯಾನ, ಕೆರೆ, ಚಾಕಲೇಟು ಎಂದಿದ್ದ ಊರು ನಿಧಾನವಾಗಿ ಚಾರಣದ ಊರಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ರಾಜ್ಯದ 14 ಜಿಲ್ಲೆಗಳಲ್ಲಿ 40 ಚಾರಣ ಮಾರ್ಗಗಳನ್ನು ಆನ್‌ಲೈನ್ ಬುಕಿಂಗಿಗೆ ತೆರೆಯಿತು. ಅರಣ್ಯ ಇಲಾಖೆಯ ಅನುಮತಿ, ಕಾಡಂಚಿನ ಹಳ್ಳಿಗಳ ತರಬೇತಾದ ಮಾರ್ಗದರ್ಶಿ ಎಲ್ಲವೂ ಒಂದೇ ಕಡೆ. ಅದರ ಹಿಂದೆ ಒಂದು ದುರಂತವಿದೆ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 23 ಚಾರಣಿಗರು ಸತ್ತರು. ಅದಾದ ಮೇಲೆ ಚಾರಣಕ್ಕೆ ನಿಯಮಗಳು ಬಂದವು. ಇಂದಿಗೂ ಕಾಡ್ಗಿಚ್ಚಿನ ಕಾಲದಲ್ಲಿ ಈ ಮಾರ್ಗಗಳನ್ನು ಮುಚ್ಚುತ್ತಾರೆ.

ನೀಲಗಿರಿಯ ಪಟ್ಟಿಯಲ್ಲಿರುವ ಮಾರ್ಗಗಳ ಹೆಸರು ನೋಡಿ: ಅವಲಾಂಚಿಯಿಂದ ದೇವರಬೆಟ್ಟ, ಅವಲಾಂಚಿಯಿಂದ ಕೋಲಾರಿಬೆಟ್ಟ, ಪಾರ್ಸನ್ಸ್ ವ್ಯಾಲಿಯಿಂದ ಮುಕುರ್ತಿ, ಕೋಟಗಿರಿಯ ಲಾಂಗ್‌ವುಡ್ ಶೋಲಾ. ದೊಡ್ಡಬೆಟ್ಟವಂತೂ ಇದ್ದೇ ಇದೆ, 2,637 ಮೀಟರು. ಬೆಟ್ಟ ಎಂಬ ಮಾತನ್ನು ಇಲ್ಲಿ ಯಾರೂ ಇತ್ತೀಚೆಗೆ ತಂದು ಅಂಟಿಸಿದ್ದಲ್ಲ. ಬಡಗರ ಹಟ್ಟಿಗಳಲ್ಲಿ ಆಡುವ ನುಡಿಗೂ ನಮ್ಮ ನುಡಿಗೂ ಇರುವ ಹತ್ತಿರದ ನಂಟು ಈ ಹೆಸರುಗಳಲ್ಲಿ ಉಳಿದಿದೆ. ಬೆಂಗಳೂರಿನ ಹುಡುಗರು "ದೇವರ್‌ಬೆಟ್ಟ ಟ್ರೆಕ್" ಎಂದು ಬುಕ್ ಮಾಡಿ ಬಂದು, ಇದು ಕನ್ನಡದ ಹೆಸರಲ್ಲವೇ ಎಂದು ಬೆರಗಾಗುವುದನ್ನು ನೋಡಿದಾಗ ನಮಗೂ ಒಂದು ಸಣ್ಣ ಖುಷಿ. ಇರಲಿ.

ಚಾರಣಿಗನಿಗೂ ಅಗ್ಗದ ರೂಮಿಗೂ ಇರುವ ಸಂಬಂಧ ಸರಳವಾದದ್ದು. ನಡಿಗೆ ಶುರುವಾಗುವುದು ಬೆಳಿಗ್ಗೆ ಬೇಗ. ಬಂಡೀಪುರದ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ಹಾಗಾಗಿ ಕರ್ನಾಟಕದಿಂದ ಬರುವವನು ಹಿಂದಿನ ದಿನವೇ ಬಂದು ಮಲಗಲೇಬೇಕು. ನಡೆದು ದಣಿದು ಬಂದ ಮೇಲೆ ಇನ್ನೊಂದು ರಾತ್ರಿ. ಅವನಿಗೆ ಬೇಕಾದದ್ದು ಒಣಗಿದ ಹಾಸಿಗೆ, ಒಂದು ಬಕೆಟ್ ಬಿಸಿನೀರು, ಬೆಳಿಗ್ಗೆ ಐದೂವರೆಗೆ ಕಾಫಿ, ಬ್ಯಾಗು ಇಟ್ಟುಹೋಗಲು ಜಾಗ. ಸ್ವಿಮ್ಮಿಂಗ್ ಪೂಲು ಬೇಡ, ಕ್ಯಾಂಪ್ ಫೈರು ಬೇಡ. ಎಲ್ಲಕ್ಕಿಂತ ಮುಖ್ಯ, ಅವನು ಮೇ ತಿಂಗಳಲ್ಲೇ ಬರಬೇಕೆಂದಿಲ್ಲ. ಮಳೆ ಹಿಂದೆಗೆದ ಮೇಲೆ, ಡಿಸೆಂಬರ್, ಜನವರಿಯ ಚಳಿಯಲ್ಲಿ, ಮಂಗಳವಾರ ಬುಧವಾರಗಳಲ್ಲೂ ಬರುತ್ತಾನೆ. ಎರಡು ತಿಂಗಳ ದುಡಿಮೆಯನ್ನು ಆರೇಳು ತಿಂಗಳಿಗೆ ಹಂಚಬಲ್ಲ ಗಿರಾಕಿ ಇವನೊಬ್ಬನೇ. ಲಾಡ್ಜಿನವರಲ್ಲಿ ಕೆಲವರು ಇದನ್ನು ಕಂಡುಕೊಂಡಿದ್ದಾರೆ, ಬೆಳಗಿನ ಕಾಫಿಗೆ ಫ್ಲಾಸ್ಕ್ ಇಟ್ಟಿದ್ದಾರೆ. ಹಲವರು ಇನ್ನೂ ಮೇ ತಿಂಗಳನ್ನೇ ಕಾಯುತ್ತಿದ್ದಾರೆ.

ಅಗ್ಗದ ವಸತಿಯೆಲ್ಲ ಒಳ್ಳೆಯದು ಎಂದು ಇದರಿಂದ ತಿಳಿಯಬಾರದು. ಇಲ್ಲಿ ಕಟುವಾದ ಮಾತೊಂದನ್ನು ಹೇಳಲೇಬೇಕು. 2021ರ ಜನವರಿಯ ಒಂದೇ ವಾರದಲ್ಲಿ ನಮ್ಮ ಸುತ್ತಲಿನ ಕಾಡಿನಲ್ಲಿ ಎರಡು ಘಟನೆ ನಡೆದವು. ಮಸಿನಗುಡಿಯಲ್ಲಿ ವಸತಿಯೊಂದರ ಹತ್ತಿರ ಬಂದ ಕಾಡಾನೆಯ ಮೇಲೆ ಉರಿಯುವ ಟೈರು ಎಸೆದರು, ಸುಟ್ಟ ಗಾಯದ ಆನೆ ಸತ್ತಿತು. ಅತ್ತ ವಯನಾಡಿನ ಮೇಪ್ಪಾಡಿ ಬಳಿ, ಚೆಂಬ್ರ ಶಿಖರಕ್ಕೆ ಹೋಗುವವರು ತಂಗುವ ಸೀಮೆಯಲ್ಲಿ, ಟೆಂಟಿನಲ್ಲಿ ತಂಗಿದ್ದ ಮಹಿಳೆಯೊಬ್ಬರನ್ನು ಆನೆ ಕೊಂದಿತು. ಎರಡೂ ಕಡೆ ಆಮೇಲೆ ಅಧಿಕಾರಿಗಳು ಹೋಗಿ ನೋಡಿದಾಗ ಪರವಾನಗಿಯಿಲ್ಲದ ವಸತಿಗಳು ಸಾಲುಸಾಲಾಗಿ ಹೊರಬಂದವು. ಆನೆಯ ದಾರಿಯಲ್ಲಿ ಕೋಣೆ ಕಟ್ಟಿದರೆ ಸಾಯುವವರು ಎರಡೂ ಕಡೆ ಇರುತ್ತಾರೆ. ಸೀಗೂರು ಆನೆದಾರಿಯ ರೆಸಾರ್ಟುಗಳಿಗೆ ಬೀಗ ಹಾಕಿ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತ್ತು, 2020ರ ಅಕ್ಟೋಬರಿನಲ್ಲಿ ಆನೆದಾರಿಯನ್ನು ಎತ್ತಿಹಿಡಿಯಿತು. ಆದರೂ ಮೊಬೈಲಿನಲ್ಲಿ "ಜಂಗಲ್ ಸ್ಟೇ, ತಲೆಗೆ ₹800" ಎಂಬ ಜಾಹೀರಾತು ಬಂದಾಗ ನಮ್ಮ ಹುಡುಗರು ಎರಡನೇ ಯೋಚನೆ ಮಾಡುವುದಿಲ್ಲ. ಊರೊಳಗಿನ ಹಳೆಯ ಲಾಡ್ಜಿನ ರೂಮಿಗೂ ಕಾಡಂಚಿನ ಶೆಡ್ಡಿಗೂ ಬೆಲೆ ಒಂದೇ ಇರಬಹುದು. ಅಗ್ಗ ಎಂಬ ಒಂದೇ ಮಾತಿನಲ್ಲಿ ಇವೆರಡನ್ನು ಸೇರಿಸುವುದು ಸಣ್ಣ ಲಾಡ್ಜಿನವನಿಗೆ ಮಾಡುವ ಅನ್ಯಾಯ.

ಮಣ್ಣಿನ ಮಾತೂ ಇದೆ. 2009ರ ನವೆಂಬರಿನ ಮಳೆಗೆ ನೀಲಗಿರಿಯ ಇಳಿಜಾರುಗಳು ಕುಸಿದು 40ಕ್ಕೂ ಹೆಚ್ಚು ಜನ ಸತ್ತದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. 2024ರ ಜುಲೈ 30ರ ರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಸತ್ತವರಲ್ಲಿ ಊರವರ ಜೊತೆ ಅಲ್ಲಿ ತಂಗಿದ್ದ ಪ್ರವಾಸಿಗರೂ ಇದ್ದರು. ದೂರದ ಹಿಮಾಲಯದಲ್ಲೂ ಇದೇ. ಹೂಕಣಿವೆಗೆ, ಹೇಮಕುಂಡಕ್ಕೆ ಹೋಗುವವರು ರಾತ್ರಿ ಉಳಿಯುವ ಜೋಶಿಮಠದಲ್ಲಿ ನೆಲ ಕುಸಿದು, ಒಂದರ ಮೇಲೊಂದು ವಾಲಿದ ಎರಡು ಬಹುಮಹಡಿ ಹೋಟೆಲುಗಳನ್ನು 2023ರ ಜನವರಿಯಲ್ಲಿ ಕೆಡವಬೇಕಾಯಿತು. ಬೆಟ್ಟದೂರಿನಲ್ಲಿ ಹೊಸ ಕಟ್ಟಡ ಎದ್ದಷ್ಟೂ ಅಪಾಯ ಹೆಚ್ಚು. ಅದಕ್ಕೇ ನಾವು ಹೇಳುವುದು, ಇರುವ ಹಳೆಯ ರೂಮುಗಳು ವರ್ಷದಲ್ಲಿ ಎಂಟು ತಿಂಗಳು ಖಾಲಿ ಬಿದ್ದಿರುವಾಗ ಇಳಿಜಾರು ಕಡಿದು ಹೊಸದನ್ನು ಕಟ್ಟಲು ಬಿಡುವುದರಲ್ಲಿ ಅರ್ಥವಿಲ್ಲ. ಇರುವುದನ್ನು ತುಂಬಿಸಿ.

ರಾತ್ರಿ ತಂಗುವವನು ಬೆಟ್ಟಕ್ಕೆ ಹಗುರ ಎಂದರೆ ಅವನಿಗೆ ಭಾರವೇ ಇಲ್ಲವೆಂದಲ್ಲ. ಅವನು ನೀರು ಬಳಸುತ್ತಾನೆ, ಕಸ ಬಿಡುತ್ತಾನೆ. ಊಟಿಗೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಪಾರ್ಸನ್ಸ್ ವ್ಯಾಲಿ ಜಲಾಶಯದಿಂದ. ಮುಕುರ್ತಿಯ ಕಡೆ ಚಾರಣ ಹೋಗುವವರು ಹೊರಡುವುದೂ ಅಲ್ಲಿಂದಲೇ. ಹಿಂದಿನ ರಾತ್ರಿ ತಾವು ಮಿಂದ ನೀರಿನ ಮೂಲವನ್ನು ಬೆಳಿಗ್ಗೆ ಕಣ್ಣಾರೆ ಕಾಣುತ್ತಾರೆ. ಬೇಸಿಗೆಯಲ್ಲಿ ಅದರ ಮಟ್ಟ ಇಳಿದಾಗ ಊರಿನ ಮನೆಗಳ ನಲ್ಲಿಗೆ ದಿನ ಬಿಟ್ಟು ದಿನ ನೀರು, ದೊಡ್ಡ ಹೋಟೆಲಿಗೆ ಟ್ಯಾಂಕರು. ಬಕೆಟ್ ಲೆಕ್ಕದ ಬಿಸಿನೀರನ್ನು ಜಿಪುಣತನ ಎಂದು ಗೊಣಗುವ ಅತಿಥಿಗಳಿಗೆ ಇದನ್ನು ತಿಳಿಸಬೇಕು. ಟಬ್ಬಿನಲ್ಲಿ ತುಂಬಿ ಚೆಲ್ಲುವುದಕ್ಕಿಂತ ಬಕೆಟ್ಟು ಈ ಊರಿಗೆ ಒಗ್ಗುವ ಪದ್ಧತಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿದೆ, ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಳ್ಳುತ್ತಾರೆ, ದಂಡವೂ ಬೀಳಬಹುದು. ಲಾಡ್ಜಿನವರು ಕುಡಿಯುವ ನೀರಿನ ಒಂದು ಒಳ್ಳೆಯ ಫಿಲ್ಟರನ್ನು ಕೆಳಗೆ ಇಟ್ಟರೆ ಅರ್ಧ ಕಸ ತಪ್ಪುತ್ತದೆ. ಇಷ್ಟು ಸಣ್ಣ ಕೆಲಸವನ್ನೂ ಮಾಡದ ಲಾಡ್ಜುಗಳಿವೆ. ಅವರ ಪರವಾಗಿ ನಾವು ವಕಾಲತ್ತು ಮಾಡುವುದಿಲ್ಲ.

ಹಾಗಾದರೆ ನಾವು ಕೇಳುವುದೇನು? ಪಾಸ್ ಇರಲಿ. ಆದರೆ ಹಗಲಿನಲ್ಲೇ ಬಂದು ಹೋಗುವವರಿಗೊಂದು ಮಿತಿ, ಪರವಾನಗಿ ಇರುವ ವಸತಿಯಲ್ಲಿ ಕನಿಷ್ಠ ಒಂದು ರಾತ್ರಿ ತಂಗುವವರಿಗೆ ಬೇರೊಂದು ಪಾಲು ಮಾಡಲಿ. ಲಾಡ್ಜಿನ ಪರವಾನಗಿ ಸಂಖ್ಯೆ ಹಾಕಿದರೆ ಮಾತ್ರ ಆ ಪಾಸ್ ಸಿಗುವಂತಾದರೆ ಕಾಡಂಚಿನ ಕಳ್ಳ ಶೆಡ್ಡುಗಳಿಗೆ ಗಿರಾಕಿ ತಾನಾಗಿ ತಪ್ಪುತ್ತಾನೆ, ಸಣ್ಣ ಲಾಡ್ಜಿನವನೂ ಪರವಾನಗಿ ಮಾಡಿಸಿಕೊಳ್ಳಲು ಓಡುತ್ತಾನೆ. ಹನ್ನೆರಡು ಜನರ ವ್ಯಾನಿಗೆ ಇಬ್ಬರ ಕಾರಿಗಿಂತ ಮೊದಲ ಅವಕಾಶ ಇರಲಿ. ಎರಡು ವರ್ಷ ಚೆಕ್‌ಪೋಸ್ಟುಗಳಲ್ಲಿ ಕೂಡಿಹಾಕಿದ ವಿವರಗಳನ್ನು ಜನರ ಮುಂದೆ ಇಡಲಿ. ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂಬುದು ಗುಟ್ಟಿನ ಸಂಗತಿ ಆಗಬೇಕಾಗಿಲ್ಲ. ಬಸ್ಸು ಹೆಚ್ಚಿಸದೆ ಕಾರು ತಡೆಯುವುದು ಮಾತ್ರ ಬಡವನನ್ನು ಕೆಳಗೇ ನಿಲ್ಲಿಸುವ ದಾರಿ. ಈಗ ಸೀಸನ್ನಿನಲ್ಲಿ ಗೂಡಲೂರಿನಿಂದ ಮೇಲೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಕರ್ನಾಟಕ ಸರ್ಕಾರಕ್ಕೂ ಇಲ್ಲಿ ಕೆಲಸವಿದೆ. ಫರ್ನ್‌ಹಿಲ್ಲಿನಲ್ಲಿ ಅದರ ತೋಟಗಾರಿಕೆ ಇಲಾಖೆಯ ವಿಶಾಲ ಉದ್ಯಾನವಿದೆ, ಪ್ರವಾಸೋದ್ಯಮ ನಿಗಮದ ಮಯೂರ ಸುದರ್ಶನ ಹೋಟೆಲಿದೆ. ಸ್ವಂತ ಜಾಗ, ಸ್ವಂತ ಕಟ್ಟಡ. ಅಲ್ಲಿ ವಿದ್ಯಾರ್ಥಿಗಳಿಗೆ, ಚಾರಣಕ್ಕೆ ಬರುವ ಯುವಕರಿಗೆ ಕಡಿಮೆ ದರದ ಒಂದಿಷ್ಟು ಡಾರ್ಮಿಟರಿ ಹಾಸಿಗೆಗಳನ್ನು ಮೀಸಲಿಡುವುದು ಕಷ್ಟದ ಮಾತಲ್ಲ. ತಾಳವಾಡಿಯ ಕನ್ನಡ ಶಾಲೆಯ ಮಕ್ಕಳು ಪ್ರವಾಸ ಬಂದಾಗ ಒಂದೇ ದಿನದಲ್ಲಿ ಓಡಿಹೋಗಬೇಕಾದ ಪಾಡು ತಪ್ಪುತ್ತದೆ. ಈ ಬೇಡಿಕೆಯನ್ನು ಗಡಿ ಭಾಗದ ಸಂಘಗಳೆಲ್ಲ ಒಟ್ಟಾಗಿ ಬರೆದು ಕೊಡುವುದು ಒಳ್ಳೆಯದು. ಒಪ್ಪುವ ಸಂಘಗಳ ಪದಾಧಿಕಾರಿಗಳು ನಮ್ಮನ್ನು ಸಂಪರ್ಕಿಸಬೇಕೆಂದು ಕೋರುತ್ತೇವೆ.

ಬರುವ ಬಂಧುಗಳಿಗೆ ಕೊನೆಯಲ್ಲಿ ಕೆಲವು ಮಾತು. ಸೋಮವಾರದಿಂದ ಗುರುವಾರದೊಳಗೆ ಬನ್ನಿ, ಅದೇ ರೂಮು ಕಡಿಮೆಗೆ ಸಿಗುತ್ತದೆ. ಸ್ವಂತ ಗಾಡಿಯಾದರೆ ಹೊರಡುವ ಮೊದಲು ಪಾಸ್ ತೆಗೆದುಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಸಿಗ್ನಲ್ ಹುಡುಕುತ್ತ ನಿಲ್ಲಬೇಡಿ. ಬಸ್ ನಿಲ್ದಾಣದಲ್ಲಿ "ಕಾಟೇಜ್ ಬೇಕಾ" ಎಂದು ಕೈ ಹಿಡಿಯುವವರ ಹಿಂದೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಇರುತ್ತದೆ. ಹಣ ಕೊಡುವ ಮೊದಲು ರೂಮು ನೋಡಿ, ಹಾಸಿಗೆ ಒತ್ತಿ ತೇವ ಇದೆಯೇ ನೋಡಿ, ಬಿಸಿನೀರಿನ ಹೊತ್ತು ಕೇಳಿ, ಬಿಲ್ಲು ಕೇಳಿ. ಆಧಾರ್ ಪ್ರತಿ ಇಟ್ಟುಕೊಳ್ಳಿ. ಚಾರಣವಿದ್ದರೆ ಬೆಳಿಗ್ಗೆ ಎಷ್ಟಕ್ಕೆ ಬಾಗಿಲು ತೆಗೆಯುತ್ತಾರೆಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ, ಎಷ್ಟೋ ಲಾಡ್ಜುಗಳಲ್ಲಿ ಕಾವಲುಗಾರ ಏಳುವುದು ಆರಕ್ಕೆ. ಮೈಸೂರಿನ ಕಡೆ ಗಾಡಿಯಲ್ಲಿ ವಾಪಸ್ಸು ಹೊರಟವರು ಸಂಜೆ ಐದರೊಳಗೆ ಊಟಿ ಬಿಟ್ಟರೆ ಒಂಬತ್ತರ ಒಳಗೆ ಬಂಡೀಪುರದ ಗೇಟನ್ನು ಆತುರವಿಲ್ಲದೆ ದಾಟಬಹುದು.